ಹಳೇ ಡೆಸ್ಕ್‌ಟಾಪಿಗೆ 3050ಯೋ, 6600ಓ?

ಹಾಸನದ ನಮ್ಮನೆ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹುಡುಕಿದಾಗ ಕೊನೆಗೆ ಉಳಿದದ್ದು ಎರಡು: ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050, ಎಎಂಡಿ ಕಂಪನಿಯ ಆರ್‌ಎಕ್ಸ್ 6600.

ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿಗೆ 70 ವ್ಯಾಟ್ ಸಾಕು. ಮದರ್‌ಬೋರ್ಡಿನ ಮೇಲೆ ಕಾರ್ಡ್ ಕೂರಿಸುವ ಸ್ಲಾಟೇ 75 ವ್ಯಾಟ್ ಕೊಡುವುದರಿಂದ ಸಾಮಾನ್ಯವಾಗಿ ಬೇರೆ ಕೇಬಲ್ ಬೇಡ. ಕಂಪ್ಯೂಟರಿನ ಜೊತೆಗೇ ಬಂದ ಸಣ್ಣ ಪವರ್ ಸಪ್ಲೈ ಇನ್ನೂ ಇದ್ದರೆ ಇದನ್ನೇ ತಗೊಳ್ಳಿ.

ಆರ್‌ಎಕ್ಸ್ 6600 ಆಟಕ್ಕೆ ಎಷ್ಟೋ ಚುರುಕು, ಮೆಮೊರಿಯೂ 8 ಜಿಬಿ. ಆದರೆ 132 ವ್ಯಾಟ್ ಎಳೆಯುತ್ತದೆ, ಪವರ್ ಸಪ್ಲೈಯಿಂದ ಬರುವ 8 ಪಿನ್ ಕೇಬಲ್ ಬೇಕೇ ಬೇಕು. ಅದಿಲ್ಲದಿದ್ದರೆ ಹೊಸ ಪವರ್ ಸಪ್ಲೈ ಖರ್ಚನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿ. ಅಡಾಪ್ಟರ್ ಸಿಕ್ಕಿಸಿ ಹೊಂದಿಸುವ ಸಾಹಸ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಕಣ್ಣಾಮುಚ್ಚಾಲೆ ಆಡುತ್ತದಲ್ಲ, ಆಗ ಚಿಕ್ಕ ಯುಪಿಎಸ್‌ಗೆ 3050ಯೇ ಹಗುರ.

ನಮ್ಮಲ್ಲಿ 550 ವ್ಯಾಟಿನ ಪವರ್ ಸಪ್ಲೈ ಇತ್ತು, ಮಗನಿಗೆ ಆಟದ ಹುಚ್ಚು. 6600ನ್ನೇ ತಂದುಬಿಟ್ಟೆ. ಕ್ಯಾಬಿನೆಟ್ ಒಳಗಿನ ಜಾಗ ಮಾತ್ರ ಮೊದಲೇ ಟೇಪು ಹಿಡಿದು ಅಳೆಯಿರಿ.