ತೋಟದ ಮನೆಯ ಲೆಕ್ಕಪತ್ರಕ್ಕೆ ಶಬ್ದ ತಗ್ಗಿಸುವ ಹೆಡ್‌ಫೋನ್: ನಾಲ್ಕು ಮಳೆಗಾಲದ ಬಳಕೆಯ ನಂತರ

ಸುಂಟಿಕೊಪ್ಪದ ಬಳಿ ಕಾಫಿ ತೋಟದ ನಡುವಿನ ಮನೆಯ ಹೊರಕೋಣೆಯಲ್ಲಿ ಕುಳಿತು ತೋಟದ ಮಾಲೀಕರ ಮತ್ತು ಪೇಟೆಯ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ಕೊಡಗಿನ ತೋಟವೆಂದರೆ ಸದ್ದಿಲ್ಲದ ಜಾಗವೆಂದು ಹೋಮ್‌ಸ್ಟೇಗೆ ಬರುವವರು ನಂಬಿರುತ್ತಾರೆ. ಎರಡು ದಿನ ಇದ್ದು ಹೋಗುವವರ ಮಟ್ಟಿಗೆ ಅದು ನಿಜವೂ ಇರಬಹುದು. ವರ್ಷವಿಡೀ ಇಲ್ಲಿಯೇ ಕುಳಿತು ದುಡಿಯುವವನಿಗೆ ಮಾತ್ರ ತೋಟದ ಸದ್ದಿನ ಪಂಚಾಂಗವೂ ತೆರಿಗೆಯ ಪಂಚಾಂಗವೂ ಬೇಕೆಂದೇ ಮಾತಾಡಿಕೊಂಡಂತೆ ಒಂದರ ಮೇಲೊಂದು ಬಂದು ಕೂರುತ್ತವೆ. ವರ್ಷಾಂತ್ಯದ ಲೆಕ್ಕ ಮುಗಿಸಬೇಕಾದ ಫೆಬ್ರವರಿ, ಮಾರ್ಚ್ ತಿಂಗಳಲ್ಲೇ ರೊಬಸ್ಟಾ ಜಾತಿಯ ಕಾಫಿ ಹೂ ಬಿಡಲೆಂದು ಸ್ಪ್ರಿಂಕ್ಲರ್ ಹಾಕಿ ನೀರು ಚಿಮ್ಮಿಸುತ್ತಾರೆ. ಪಕ್ಕದ ತೋಟದ ಕೆರೆಯ ದಂಡೆಯಲ್ಲಿ ಡೀಸೆಲ್ ಪಂಪು ಹಗಲು ರಾತ್ರಿ ಓಡುತ್ತದೆ. ಆದಾಯ ತೆರಿಗೆ ವಿವರ ಸಲ್ಲಿಸಲು ಸಾಮಾನ್ಯವಾಗಿ ಕೊನೆಯ ದಿನವಾದ ಜುಲೈ 31ರ ಹಿಂದಿನ ವಾರಗಳಲ್ಲೇ ತಗಡಿನ ಶೀಟಿನ ಮೇಲೆ ಮಳೆ ಬಿಡದೆ ಸುರಿಯುತ್ತದೆ. ಅರೇಬಿಕಾ ಕಾಫಿಯ ಕೊಯ್ಲಿನ ದಿನಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ, ಮಳೆ ಬಿಟ್ಟ ಮೇಲೆ ಕಳೆ ಕತ್ತರಿಸುವ ಯಂತ್ರ. ಇವೆಲ್ಲದರ ನಡುವೆ ಪ್ರತಿ ತಿಂಗಳ 20ನೇ ತಾರೀಖಿನ ಜಿಎಸ್‌ಟಿ.

2021ರ ನವೆಂಬರಿನಲ್ಲಿ, ಪಲ್ಪರ್ ಓಡುತ್ತಿದ್ದ ಒಂದು ಮಧ್ಯಾಹ್ನ ಒಂದೇ ಕಾಲಮ್ಮನ್ನು ಮೂರು ಸಲ ಕೂಡಿ ಮೂರು ಉತ್ತರ ಬಂದಾಗ, ಕಿವಿಯನ್ನು ಪೂರ್ತಿ ಮುಚ್ಚುವ, ಶಬ್ದ ತಗ್ಗಿಸುವ ಹೆಡ್‌ಫೋನನ್ನು ಆರ್ಡರ್ ಮಾಡಿದೆ. ಬೆಲೆ 20,000 ರೂಪಾಯಿಗೆ ಸ್ವಲ್ಪ ಕಡಿಮೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಈ ಜಾತಿಯ ಎಲ್ಲ ಉಪಕರಣಗಳಿಗೂ ಸೇರಿದವು.

ಇದು ಕೆಲಸ ಮಾಡುವ ಬಗೆಯನ್ನು ತಿಳಿದುಕೊಂಡೇ ಕೊಂಡಿದ್ದರೆ ನನ್ನ ಅರ್ಧ ನಿರಾಸೆ ತಪ್ಪುತ್ತಿತ್ತು. ಹೊರಮೈಯಲ್ಲಿರುವ ಮೈಕ್ರೊಫೋನುಗಳು ಹೊರಗಿನ ಸದ್ದನ್ನು ಹಿಡಿಯುತ್ತವೆ. ಒಳಗಿನ ಚಿಪ್ ಆ ಅಲೆಗೆ ತದ್ವಿರುದ್ಧವಾದ ಅಲೆಯನ್ನು ಉಂಟುಮಾಡುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಬಿದ್ದು ಎರಡೂ ಬಹುಮಟ್ಟಿಗೆ ಅಳಿದುಹೋಗುತ್ತವೆ. ಈ ಉಪಾಯ ಹಳೆಯದು, ಜರ್ಮನಿಯ ಪಾಲ್ ಲ್ಯೂಗ್ ಅವರಿಗೆ ಇದರ ಅಮೆರಿಕದ ಪೇಟೆಂಟ್ ದೊರೆತದ್ದು 1936ರಲ್ಲಿ. ಅದನ್ನು ಕಿವಿಗೆ ತಂದವರಲ್ಲಿ ಪ್ರಮುಖರಾದ ಅಮರ್ ಬೋಸ್ ಅವರಿಗೆ 1978ರಲ್ಲಿ ವಿಮಾನ ಪ್ರಯಾಣದ ವೇಳೆ ಎಂಜಿನ್ನಿನ ಸದ್ದಿನಿಂದ ಬೇಸತ್ತು ಈ ಯೋಚನೆ ಬಂದಿತ್ತು. ಎಂಜಿನ್ನಿನ ಮೊರೆತವನ್ನು ಅಡಗಿಸಲೆಂದೇ ಬೆಳೆದು ಬಂದ ವಿದ್ಯೆ ಇದು. ಆದ್ದರಿಂದ ಒಂದೇ ಸಮನೆ ಬರುವ, ತಗ್ಗು ಸ್ಥಾಯಿಯ ಸದ್ದು ಇದಕ್ಕೆ ಸುಲಭದ ತುತ್ತು. ಥಟ್ಟನೆ ಬಂದು ಹೋಗುವ ಅಥವಾ ಎತ್ತರದ ಸ್ಥಾಯಿಯ ಸದ್ದಿನ ಬೆನ್ನು ಹಿಡಿಯುವುದು ಇದಕ್ಕೆ ಕಷ್ಟ.

ಪಂಪಿನ ವಿಷಯದಲ್ಲಿ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದೆ ದುಡಿದಿದೆ. ಗುಂಡಿ ಒತ್ತಿದ ಒಂದೆರಡು ಕ್ಷಣದಲ್ಲಿ ಎದೆಯೊಳಗೆ ಗುದ್ದುತ್ತಿದ್ದ ಆ ಡುಗುಡುಗು ಎಲ್ಲೋ ಗುಡ್ಡದಾಚೆಗೆ ಸರಿದು ಹೋಗುತ್ತದೆ, ಉಳಿಯುವುದು ಸಣ್ಣದೊಂದು ಟಕಟಕ ಮಾತ್ರ. ಮೊದಲ ವಾರ ಕಿವಿಯೊಳಗೆ ಏನೋ ಒತ್ತಿದಂತೆ, ಘಟ್ಟ ಇಳಿಯುವಾಗ ಕಿವಿ ಕಟ್ಟಿದಂತೆ ಅನಿಸುತ್ತಿತ್ತು. ಆಮೇಲೆ ಅದು ಅಭ್ಯಾಸವಾಯಿತು. ಸಂಜೆ ಆರು ಗಂಟೆಗೆ ತಲೆ ಭಾರವಾಗಿ ಏಳುತ್ತಿದ್ದವನು ಎಂಟರವರೆಗೂ ಕೂರಬಲ್ಲವನಾದೆ ಎಂಬುದೇ ನನ್ನ ಮಟ್ಟಿಗೆ ದೊಡ್ಡ ಲಾಭ. ನಾನು ಕನ್ನಡಕ ಹಾಕುವವನು. ಕನ್ನಡಕದ ಕಾಲು ಕಿವಿಮೆತ್ತೆಯನ್ನು ಕೂದಲೆಳೆಯಷ್ಟು ಎತ್ತಿದರೂ ಆ ಸಂದಿನಿಂದ ಪಂಪು ಮತ್ತೆ ಒಳಗೆ ನುಗ್ಗುತ್ತದೆ. ದಪ್ಪ ಕಾಲಿನ ಹಳೆಯ ಕನ್ನಡಕವನ್ನು ಬಿಟ್ಟು ತೆಳುವಾದ ತಂತಿಯ ಕಾಲಿನದನ್ನು ಮಾಡಿಸಿದ ಮೇಲೆಯೇ ಇದರ ಪೂರ್ಣ ಫಲ ಸಿಕ್ಕಿದ್ದು.

ಮಳೆಯ ವಿಷಯದಲ್ಲಿ ಸೋಲನ್ನು ಒಪ್ಪಿಕೊಳ್ಳಬೇಕು. ಶೀಟಿನ ಮೇಲೆ ಬೀಳುವ ಮಳೆಯಲ್ಲಿ ಎಲ್ಲ ಸ್ಥಾಯಿಯ ಸದ್ದೂ ಬೆರೆತಿರುತ್ತದೆ, ಪ್ರತಿ ಹನಿಯೂ ಬೇರೆ ಬೇರೆ ಹೊಡೆತ. ಹೆಡ್‌ಫೋನ್ ಅದರ ಗುಡುಗಿನಂಥ ತಳವನ್ನಷ್ಟೇ ಕತ್ತರಿಸಿ ಚಟಪಟವನ್ನು ಹಾಗೆಯೇ ಉಳಿಸುತ್ತದೆ. ಜಗಲಿಗೆ ಹೋಗಿ ಕೂತರೆ ಇನ್ನೂ ಕೆಡುಕು: ಜುಲೈ ತಿಂಗಳ ಗಾಳಿ ಮೈಕ್ರೊಫೋನಿಗೆ ನೇರವಾಗಿ ಬಡಿದು, ಇಲ್ಲದ ಮೊರೆತವೊಂದನ್ನು ಉಪಕರಣವೇ ಕಿವಿಗೆ ತುಂಬುತ್ತದೆ. ಮಳೆಗೆ ಮದ್ದಾದದ್ದು ಮೆಡಿಕಲ್ ಅಂಗಡಿಯಿಂದ ತಂದ, ಒಂದು ಜೊತೆಗೆ 40 ರೂಪಾಯಿಯ ಫೋಮ್ ಇಯರ್‌ಪ್ಲಗ್. ಅದನ್ನು ಬೆರಳುಗಳ ನಡುವೆ ಬತ್ತಿಯಂತೆ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಒಳಗೆ ತೂರಿಸಿ, ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಸುಮ್ಮನೆ ಕಿವಿಯ ಬಾಯಿಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ಬಾರದು ಎನ್ನುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಇದರ ಮೇಲೆ ಹೆಡ್‌ಫೋನ್ ಹಾಕಿದರೆ ಮಳೆ ಇದ್ದೂ ಇಲ್ಲದಂತೆ ಆಗುತ್ತದೆ.

ನಾನು ಎಣಿಸದೇ ಇದ್ದ ತೊಂದರೆ ಮಾತಿನದು. ಪಂಪಿನ ಸದ್ದು ಅಡಗಿದ ಕೂಡಲೇ ನಡುಮನೆಯಲ್ಲಿ ಅಮ್ಮ ನೋಡುವ ಧಾರಾವಾಹಿಯ ಒಂದೊಂದು ಸಂಭಾಷಣೆಯೂ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸತೊಡಗಿತು. ಅಲ್ಲಿಯವರೆಗೆ ಅದನ್ನು ಮುಚ್ಚಿಟ್ಟಿದ್ದದ್ದು ಪಂಪೇ. ಒಂದೇ ಸಮನಾದ ಸದ್ದಿಗಿಂತ ಮನುಷ್ಯರ ಮಾತು, ಮೆಲ್ಲಗೆ ಕೇಳಿಸಿದರೂ, ಅಂಕಿಗಳ ಸಾಲನ್ನು ನೆನಪಿನಲ್ಲಿ ಹಿಡಿದಿಡುವ ಕೆಲಸವನ್ನು ಹೆಚ್ಚು ಕೆಡಿಸುತ್ತದೆಂದು ಮನೋವಿಜ್ಞಾನಿಗಳು 1970ರ ದಶಕದಿಂದಲೂ ತೋರಿಸುತ್ತ ಬಂದಿದ್ದಾರೆ. ನನ್ನ ಅನುಭವವೂ ಅದೇ: ಪಂಪು ನನ್ನನ್ನು ದಣಿಸುತ್ತಿತ್ತು, ಆದರೆ ಲೆಕ್ಕ ತಪ್ಪಿಸುತ್ತಿದ್ದದ್ದು ಬಹುಪಾಲು ಧಾರಾವಾಹಿಯ ಅತ್ತೆ ಸೊಸೆಯರು. ಅಂದರೆ ಲೆಕ್ಕಕ್ಕೆ ಅತಿ ಹೆಚ್ಚು ಹಾನಿ ಮಾಡುವ ಸದ್ದನ್ನೇ ಈ ದುಬಾರಿ ಉಪಕರಣ ಅತಿ ಕಡಿಮೆ ತಡೆಯುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಎರಡು ಪಾಲಿನದು. ಬಾಗಿಲಿನ ಕೆಳಗಿನ ಒಂದು ಬೆರಳಗಲದ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿದೆ, ಅದಕ್ಕೆ ಆದ ಖರ್ಚು 150 ರೂಪಾಯಿ. ಮಿಕ್ಕಿದ್ದನ್ನು ಮುಚ್ಚಲು ಹೆಡ್‌ಫೋನಿನಲ್ಲಿ ಮೆಲ್ಲಗೆ ಮಳೆಯ ಸದ್ದಿನ ಧ್ವನಿಮುದ್ರಣ ಹಾಕಿಕೊಳ್ಳುತ್ತೇನೆ. ಜುಲೈಯಲ್ಲಿ ಹಣ ಕೊಟ್ಟು ಮಳೆಯನ್ನು ಹೊರಗಿಡುವವನು ಫೆಬ್ರವರಿಯಲ್ಲಿ ಅದೇ ಮಳೆಯನ್ನು ಕಿವಿಗೆ ಬಿಟ್ಟುಕೊಳ್ಳುವುದನ್ನು ಕಂಡು ಮನೆಯವರು ನಗುತ್ತಾರೆ, ನಗಲಿ. ಧ್ವನಿಯ ಮಟ್ಟವನ್ನು ಮಾತ್ರ ಏರಿಸುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಾನು ಅದಕ್ಕಿಂತ ಬಹಳ ಕೆಳಗೆ ಇಡುತ್ತೇನೆ.

ಇನ್ನು ಬಾಳಿಕೆ. ಇಲ್ಲಿನ ಹವೆಯನ್ನು ಗಮನದಲ್ಲಿಟ್ಟು ಯಾರೂ ಹೆಡ್‌ಫೋನ್ ತಯಾರಿಸುವುದಿಲ್ಲ. ಮೊದಲ ಮಳೆಗಾಲದಲ್ಲೇ, ನಾಲ್ಕು ದಿನ ಮುಟ್ಟದೆ ಇಟ್ಟಿದ್ದ ಕಿವಿಮೆತ್ತೆಯ ಹೊಲಿಗೆಯುದ್ದಕ್ಕೂ ಬೂದುಹಸಿರು ಬೂಷ್ಟು ಹಿಡಿದಿತ್ತು. ಎರಡನೆಯ ಮಳೆಗಾಲಕ್ಕೆ ಕೃತಕ ಚರ್ಮ ಸುಲಿದು, ಕರಿ ಹೊಟ್ಟು ಕೆನ್ನೆಗೆಲ್ಲ ಅಂಟುತ್ತಿತ್ತು. ಸರ್ವಿಸ್ ಸೆಂಟರಿಗೆಂದು ಮೈಸೂರಿಗೆ ಹೋಗಿ ಬರಲು ಒಂದು ದಿನ ಕಳೆದೆ. ಅಲ್ಲಿ ಅದು ವಾರಂಟಿಗೆ ಸೇರುವುದಿಲ್ಲ ಎಂದರು. ಕೊನೆಗೆ ಬೇರೆಯವರು ತಯಾರಿಸಿದ ಬಟ್ಟೆಯ ಮೆತ್ತೆಯನ್ನು 900 ರೂಪಾಯಿಗೆ ತರಿಸಿ ನಾನೇ ಕೂರಿಸಿದೆ. ಬಟ್ಟೆಯದು ಪಂಪಿನ ಸದ್ದನ್ನು ಸ್ವಲ್ಪ ಹೆಚ್ಚು ಒಳಬಿಡುತ್ತದೆ, ಆದರೆ ಸುಲಿಯುವುದಿಲ್ಲ. ಈಗ ಜೂನ್ ತಿಂಗಳಿಂದ ಸೆಪ್ಟೆಂಬರ್ ತನಕ ಅದರ ವಾಸ ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ; ಪೊಟ್ಟಣಗಳನ್ನು ವಾರಕ್ಕೊಮ್ಮೆ ಒಲೆಯ ಬಳಿ ಒಣಗಿಸುತ್ತೇನೆ. ಹೊಸತರಲ್ಲಿ ಒಮ್ಮೆ ಚಾರ್ಜ್ ಮಾಡಿದರೆ 30 ಗಂಟೆ ಬರುತ್ತಿದ್ದ ಬ್ಯಾಟರಿ ಈಗ 20 ಗಂಟೆಗೆ ಇಳಿದಿದೆ. ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿದ್ದರೂ ಅಷ್ಟು ಸಾಕಾಗುತ್ತದೆ, ದೂರಲಾರೆ.

ಒಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. 2023ರ ಜುಲೈಯಲ್ಲಿ, ಮಳೆ ಜೋರಾಗಿದ್ದ ಒಂದು ಸಂಜೆ, ಇಯರ್‌ಪ್ಲಗ್ ಮತ್ತು ಹೆಡ್‌ಫೋನ್ ಎರಡನ್ನೂ ಹಾಕಿಕೊಂಡು ಎಂಟು ಗಂಟೆಯವರೆಗೆ ಕೆಲಸ ಮಾಡಿ, ಬಾಗಿಲು ತೆರೆದು ಅಂಗಳ ದಾಟಿ ನಡುಮನೆಗೆ ಹೋದೆ. ಒಳಗಿದ್ದವರೆಲ್ಲ ದೀಪ ಆರಿಸಿ ಕಿಟಕಿಯ ಬಳಿ ನಿಂತಿದ್ದರು. ಹಲಸಿನ ಹಣ್ಣಿನ ವಾಸನೆಗೆ ಬಂದ ಆನೆ ನನ್ನ ಕೋಣೆಯ ಹಿಂದಿನ ಬಾಳೆಯನ್ನು ಮುರಿದು ತಿಂದು ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ. ಅವರು ಕೂಗಿದ್ದೂ ಫೋನ್ ಮಾಡಿದ್ದೂ ನನಗೆ ತಿಳಿದಿರಲಿಲ್ಲ. "ಆನೆ ಬಂದು ಹೋದ್ರೂ ಗೊತ್ತಾಗದ ಹಾಗೆ ಎಂತ ಕೆಲಸ ಮಾರಾಯ ಅದು?" ಎಂದು ಅಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಕತ್ತಲಾದ ಮೇಲೆ ಇಯರ್‌ಪ್ಲಗ್ ಇಲ್ಲ. ಹೆಡ್‌ಫೋನ್ ಹಾಕಿದರೂ ಹೊರಗಿನ ಸದ್ದನ್ನು ಮೈಕ್ರೊಫೋನಿನ ಮೂಲಕ ಒಳಗೆ ಬಿಡುವ ವಿಧಾನದಲ್ಲಿ ಇಟ್ಟಿರುತ್ತೇನೆ, ಮತ್ತು ಅಮ್ಮನ ಕರೆ ಬಂದರೆ ಕಂಪ್ಯೂಟರಿನ ಪರದೆಯ ಮೇಲೂ ಕಾಣುವಂತೆ ಮಾಡಿಕೊಂಡಿದ್ದೇನೆ. ತೋಟದೊಳಗೆ ನಡೆಯುವಾಗ ಇದನ್ನು ಹಾಕಿಕೊಳ್ಳುವ ಯೋಚನೆಯನ್ನೇ ಯಾರೂ ಮಾಡಬಾರದು.

ಇಂಥ ಕೆಲಸ ಮಾಡುವವರಿಗೆ ನನ್ನ ಸಲಹೆ ಕೇಳುವುದಾದರೆ, ಮೊದಲು ಬಾಗಿಲಿನ ಸಂದಿ, ಆಮೇಲೆ ಇಯರ್‌ಪ್ಲಗ್. ಇವೆರಡಕ್ಕೂ ಸೇರಿ 200 ರೂಪಾಯಿ ದಾಟುವುದಿಲ್ಲ. ಮನೆಯ ಹತ್ತಿರ ಪಂಪು, ಜನರೇಟರ್ ಅಥವಾ ಪಲ್ಪರ್ ಇದ್ದರೆ ಮಾತ್ರ ಹೆಡ್‌ಫೋನಿಗೆ ಹಣ ಹಾಕಿ. ಮಳೆಗಾಗಿ, ಮನೆಮಂದಿಯ ಮಾತಿಗಾಗಿ ಕೊಳ್ಳುವುದಾದರೆ ಬೇಡ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ, ಕಳೆದದ್ದು ಕಿವಿಮೆತ್ತೆಗೆ. ಬಲಗಡೆಯ ಕೀಲು ಇತ್ತೀಚೆಗೆ ಸಡಿಲವಾಗಿ, ತಲೆ ತಿರುಗಿಸಿದಾಗ ಕಿರುಗುಟ್ಟುತ್ತಿದೆ. ಮುಂದಿನ ಸ್ಪ್ರಿಂಕ್ಲರ್ ಮುಗಿಯುವವರೆಗೆ ಅದು ತಡೆದುಕೊಂಡರೆ ಹೊಸದರ ಮಾತು ಏಪ್ರಿಲಿನಲ್ಲಿ.