ಮಳೆಗಾಲದಲ್ಲಿ ಬಟ್ಟೆ ಒಗೆಯೋಕೆ ಕಲ್ಲಾ, ಫ್ರಂಟ್ ಲೋಡಾ, ಸೆಮಿನಾ? ನಮ್ಮನೇಲಿ ಮೂರೂ ನೋಡಿ ಆಯ್ತು

ಮೊದಲೇ ಹೇಳಿಬಿಡ್ತೀನಿ, ನಮ್ಮಂಥ ಮಲೆನಾಡಿನ ಹಳ್ಳಿ ಮನೆಗೆ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್ನೇ ಸರಿ. ಕಲ್ಲಿನ ಮೇಲೆ ಒಗೆದೂ ಗೊತ್ತು, 32 ಸಾವಿರ ಕೊಟ್ಟು ಫ್ರಂಟ್ ಲೋಡ್ ತಂದೂ ಗೊತ್ತು, 2024ರ ಆಗಸ್ಟಿಂದ ಮನೇಲಿ ಸೆಮಿ ಇದೆ. ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರಸ್ತೆಯಿಂದ ಒಳಗೆ. ಅತ್ತೆ, ಮಾವ, ನಾವಿಬ್ರು, ಏಳನೇ ಕ್ಲಾಸಿನ ಮಗಳು, ಒಟ್ಟು ಐದು ಜನ. ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ನಮ್ಮಲ್ಲಿ ಅಷ್ಟಿಲ್ಲ, ಆದ್ರೂ ಆರಿದ್ರಾ ಹಿಡಿದ್ರೆ ಆಶ್ಲೇಷ ಮುಗಿಯೋ ತನಕ ಬಿಸಿಲು ಅಂತ ನೋಡೋದು ಯಾವತ್ತೋ ಒಂದಿನ ಅರ್ಧ ಗಂಟೆ. ಅಂಗಳದಲ್ಲಿ ಹಗ್ಗ ಕಟ್ಟೋ ಹಂಗೇ ಇಲ್ಲ, ಜಗಲೀಲಿ ಗಳದ ಮೇಲೆ, ಅಟ್ಟದಲ್ಲಿ, ಬಚ್ಚಲ ಒಲೆ ಹತ್ರ, ಎಲ್ಲಿ ಜಾಗ ಸಿಗುತ್ತೋ ಅಲ್ಲೆಲ್ಲ ಬಟ್ಟೆ.

ನಮ್ಮನೇಲಿ ಈ ವಿಷಯಕ್ಕೆ ಆದಷ್ಟು ಜಗಳ ದುಡ್ಡಿನ ವಿಷಯಕ್ಕೂ ಆಗಿಲ್ಲ. ಅತ್ತೆಗೆ ಕಲ್ಲು ಬಿಟ್ಟು ಬೇರೆ ಯಾವುದರಲ್ಲಿ ಒಗೆದ್ರೂ ಅದು ಒಗೆದ ಹಾಗಲ್ಲ, ಅದೂ ಒಳಉಡುಪು, ಕಾಲೊರೆಸು, ಅಡುಗೆಮನೆ ಬಟ್ಟೆ ಎಲ್ಲ ಒಂದೇ ಡ್ರಮ್ಮಲ್ಲಿ ಸುತ್ತೋದು ನೋಡಿದ್ರೆ ಅವರಿಗೆ ಊಟ ಸೇರಲ್ಲ. ಇವ್ರಿಗೆ ಎಲ್ಲಾನೂ ಒಟ್ಟಿಗೆ ತುರುಕಿ ಬಟನ್ ಒತ್ತಿದ್ರೆ ಮುಗೀತು. ನನಗೆ ಬೇಕಾಗಿದ್ದು ಒಂದೇ, ಬಟ್ಟೆ ಒಣಗಬೇಕು, ವಾಸನೆ ಬರಬಾರದು.

ಕಲ್ಲಿನ ಬಗ್ಗೆ ನನಗೆ ತಾತ್ಸಾರ ಇಲ್ಲ. ಕಾಲರು, ತೋಟಕ್ಕೆ ಹೋದ ಪ್ಯಾಂಟಿನ ಕೆಸರು, ಇವಕ್ಕೆಲ್ಲ ಬಾರ್ ಸೋಪು ಹಚ್ಚಿ ಬ್ರಷ್ ಹಾಕಿ ಕುಕ್ಕಿದ್ರೆ ಹೋದಷ್ಟು ಯಾವ ಮಷಿನ್ನಲ್ಲೂ ಹೋಗಲ್ಲ. ಅಡಿಕೆ ಚೊಗರಿನ ಮಾತು ಬೇರೆ, ಅದು ಕಲ್ಲಲ್ಲೂ ಹೋಗಲ್ಲ, ಅದಕ್ಕೇ ಕೊನೆ ಕೊಯ್ಲಿನ ಬಟ್ಟೆ ಎಲ್ಲರ ಮನೇಲೂ ಬೇರೆನೇ ಇರುತ್ತೆ. ಕಲ್ಲಿನ ತೊಂದರೆ ಇರೋದು ಹಿಂಡೋದ್ರಲ್ಲಿ. ಕೈಯಲ್ಲಿ ಎಷ್ಟು ಹಿಂಡಿದ್ರೂ ಬೆಡ್‌ಶೀಟ್, ಜೀನ್ಸ್ ಎಲ್ಲ ಗಳದ ಮೇಲೆ ಹಾಕಿದ ಮೇಲೂ ಒಂದು ರಾತ್ರಿ ತೊಟ್ಟಿಕ್ಕುತ್ತೆ, ಮೂರನೇ ದಿನಕ್ಕೂ ಸೊಂಟದ ಪಟ್ಟಿ ತಣ್ಣಗೇ ಇರುತ್ತೆ. ಅತ್ತೆಗೆ ಈಗ 68, ಭುಜದ ನೋವು, ಆದ್ರೂ ಹಿಂಡೋದು ಬಿಡ್ತಿರ್ಲಿಲ್ಲ, ನಾನು ಮಾಡ್ತೀನಿ ಅಂದ್ರೆ "ನಿಂಗೆ ಹಿಂಡೋಕೆ ಬರಲ್ಲ ಮಾರಾಯ್ತಿ" ಅಂತಿದ್ರು. ಅರೆ ಒಣಗಿದ್ದನ್ನ ತಗೊಂಡು ಹೋಗಿ ಹಂಡೆ ಒಲೆ ಮೇಲೆ ಕಟ್ಟಿದ್ರೆ ಒಣಗೇನೋ ಒಣಗುತ್ತೆ, ಆದ್ರೆ ಹೊಗೆ ವಾಸನೆ. ಮಗಳು ಒಂದಿನ ಸ್ಕೂಲಿಂದ ಬಂದು ನನ್ನ ಪಕ್ಕ ಯಾರೂ ಕೂರಲ್ಲ ಅಂತ ಅತ್ಲು. ಮಷಿನ್ ತರೋ ಮಾತು ಶುರುವಾಗಿದ್ದೇ ಅವತ್ತು.

2021ರ ದೀಪಾವಳಿ ಆಫರಲ್ಲಿ ಶಿವಮೊಗ್ಗದಿಂದ ಫ್ರಂಟ್ ಲೋಡ್ ತಂದ್ವಿ. ತಂದಿದ್ದು ಇವ್ರ ಆಸೆಗೆ, ಬೇಡ ಅಂತ ನಾನೂ ಅನ್ಲಿಲ್ಲ. ಬೇಸಿಗೇಲಿ ಬಹಳ ಚೆನ್ನಾಗಿತ್ತು ಅನ್ನೋದನ್ನ ಒಪ್ಕೊಳ್ಳಲೇಬೇಕು, ನೀರು ಕಮ್ಮಿ ಸಾಕು, ಒಳಗೇ ಹೀಟರ್ ಇದೆ, ಬಟ್ಟೆ ಹರಿಯಲ್ಲ, ಗುಡ್ಡದ ಝರಿಯಿಂದ ಬರೋ ನಮ್ಮ ಅಬ್ಬಿ ನೀರಿಗೆ ನೊರೆ ಜಾಸ್ತಿ ಬರುತ್ತೆ ಅಂತ ಲಿಕ್ವಿಡ್ ಅರ್ಧ ಮುಚ್ಚಳ ಹಾಕಿದ್ರೂ ಸಾಕಾಗ್ತಿತ್ತು.

ಕಷ್ಟ ಶುರುವಾಗಿದ್ದು ಮಳೆಗಾಲದಲ್ಲಿ, ಅದೂ ಒಂದೇ ವಿಷಯಕ್ಕೆ: ಬಾಗಿಲು. ಈ ಮಷಿನ್ನಿಗೆ ಒಳಗೆ ನೀರಿದ್ದಾಗ ಬಾಗಿಲು ಲಾಕ್ ಆಗಿರುತ್ತೆ. ಅದು ಇರಬೇಕಾದ್ದೇ, ಇಲ್ಲ ಅಂದ್ರೆ ನೀರೆಲ್ಲ ಮುಂದಿನಿಂದ ಹೊರಗೆ ಬರುತ್ತೆ. ಆದ್ರೆ ಒಂದು ಸುತ್ತು ಮುಗಿಯೋಕೆ ಎರಡು ಗಂಟೆ ಬೇಕು, ಮಳೆಗಾಲದಲ್ಲಿ ಎರಡು ಗಂಟೆ ಕರೆಂಟ್ ಎಡೆಬಿಡದೆ ಇರೋದು ನಮ್ಮ ಕಡೆ ಯಾರಿಗೆ ಖಾತ್ರಿ ಇದೆ ಹೇಳಿ. ಕಾಡೊಳಗೆ ಲೈನ್ ಹೋಗಿರುತ್ತೆ, ಒಂದು ಮರ ಬಿದ್ರೆ ಸಾಕು. ಹೋಗಿ ಬಂದು ಹೋಗಿ ಬಂದು ಮಾಡಿದ್ರೆ ಹೇಗೋ ನಿಂತಲ್ಲಿಂದ ಮುಂದುವರಿಸುತ್ತೆ, ಆದ್ರೆ 2024ರ ಜುಲೈಲಿ, ಪುಷ್ಯ ಮಳೆ ಹೊಡೀತಿದ್ದಾಗ, ಬೆಳಿಗ್ಗೆ ಮಷಿನ್ ಹಾಕಿ ಅರ್ಧ ಗಂಟೆಗೆ ಹೋದ ಕರೆಂಟು ಮೂರನೇ ದಿನ ಮಧ್ಯಾಹ್ನ ಬಂತು. ಒಳಗೆ ಮಗಳ ಎರಡು ಜೊತೆ ಯೂನಿಫಾರಂ, ಮಾವನ ಪಂಚೆ, ಎಲ್ಲರ ಟವೆಲ್ಲು, ಸೋಪಿನ ನೀರು. ಗಾಜಿನಿಂದ ಕಾಣ್ತಿದೆ, ತೆಗೆಯೋಕಾಗ್ತಿಲ್ಲ. ಇನ್ವರ್ಟರ್ ಲೈಟು ಫ್ಯಾನಿಗೆ ಮಾತ್ರ, ಹೀಟರ್ ಇರೋ ಮಷಿನ್ ಎಳೆಯೋ ತಾಕತ್ತು ಅದಕ್ಕಿಲ್ಲ.

ಕೆಳಗಡೆ ಫಿಲ್ಟರ್ ಮುಚ್ಚಳ ತಿರುಗಿಸಿದ್ರೆ ನೀರು ಹೋಗುತ್ತೆ, ಅದನ್ನ ಮಾಡಿದ್ವಿ, ತಟ್ಟೆ ಇಟ್ಟು ಇಟ್ಟು ಖಾಲಿ ಮಾಡೋಕೆ ಮುಕ್ಕಾಲು ಗಂಟೆ ಬೇಕಾಯ್ತು, ಬಚ್ಚಲಮನೆ ಹೊಸ್ತಿಲು ದಾಟಿ ಅಡುಗೆಮನೆಗೂ ನೀರು ಬಂತು. ನೀರು ಹೋದ ಮೇಲೂ ಬಾಗಿಲು ಬಿಡ್ಲಿಲ್ಲ. ಕೆಲವು ಮಷಿನ್ನುಗಳಲ್ಲಿ ಫಿಲ್ಟರ್ ಹತ್ರ ಬಾಗಿಲು ಬಿಡಿಸೋಕೆ ಒಂದು ಎಳೆಯೋ ಪಟ್ಟಿ ಕೊಟ್ಟಿರ್ತಾರೆ, ನಮ್ಮದ್ರಲ್ಲಿ ಇರ್ಲಿಲ್ಲ, ತರುವಾಗ ಅಂಗಡಿಯವರೂ ಹೇಳ್ಲಿಲ್ಲ, ಕೇಳಬೇಕು ಅಂತ ನಮಗೂ ಗೊತ್ತಿರ್ಲಿಲ್ಲ. ನೀವು ಫ್ರಂಟ್ ಲೋಡೇ ತಗೊಳ್ಳೋದಾದ್ರೆ ದಯವಿಟ್ಟು ಇದೊಂದು ಕೇಳಿ ತಗೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ. ಸರ್ವಿಸಿನವರಿಗೆ ಫೋನ್ ಮಾಡೋಣ ಅಂದ್ರೆ ಟವರೂ ಇಲ್ಲ. ಮೂರನೇ ದಿನ ಬಾಗಿಲು ತೆಗೆದಾಗ ಬಂದ ವಾಸನೆ ಇನ್ನೂ ಮೂಗಲ್ಲಿದೆ, ಅದನ್ನ ಮತ್ತೆ ಎರಡು ಸಲ ಒಗೆದ್ರೂ ಯೂನಿಫಾರಂ ಕಂಕುಳ ಹತ್ರ ಮೈ ಬಿಸಿಯಾದ ಕೂಡ್ಲೇ ಅದೇ ವಾಸನೆ ಎದ್ದು ಬರ್ತಿತ್ತು. ಆ ಮೂರು ದಿನ ಮಗಳು ಸ್ಕೂಲಿಗೆ ಹೋಗ್ಲಿಲ್ಲ, ಮಳೆಗೆ ರಜಾ ಇತ್ತು ಬಿಡಿ. ಬಾಗಿಲ ರಬ್ಬರ್ ಒಳಗೆ ಕಪ್ಪು ಬೂಸ್ಲು ಹಿಡಿಯೋದು, ಅಬ್ಬಿ ನೀರಲ್ಲಿ ಬರೋ ಎಲೆ ಚೂರು ಹಿಂದಿನ ಜಾಲರಿಗೆ ಕಟ್ಟಿ ನೀರಿಲ್ಲ ಅಂತ ಮಷಿನ್ ಕೂಗೋದು, ಇವೆಲ್ಲ ಇದರ ಮುಂದೆ ಸಣ್ಣ ವಿಷಯ.

ಆ ವಾಸನೆ ಬಗ್ಗೆ ಒಂದು ಮಾತು. ಸರಿಯಾಗಿ ಒಣಗದ ಬಟ್ಟೇಲಿ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ, ನಮ್ಮ ಮೈ ಎಣ್ಣೆ, ಬೆವರು ಬಟ್ಟೇಲಿ ಉಳಿದಿರುತ್ತಲ್ಲ ಅದನ್ನ ತಿಂದು ಆ ಮುಗ್ಗಲು ವಾಸನೆ ಬಿಡುತ್ತೆ. ಪೌಡರ್ ಜಾಸ್ತಿ ಹಾಕಿದ್ರೂ ಇಲ್ಲ, ಪರಿಮಳದ ಕಂಡೀಷನರ್ ಹಾಕಿದ್ರೂ ಇಲ್ಲ, ಬಿಸಿ ನೀರು ಬೇಕು ಅಥವಾ ಬೇಗ ಒಣಗಿಸಬೇಕು. ನಮ್ಮನೇಲಿ ಬಿಸಿ ನೀರಿಗೆ ಬರ ಇಲ್ಲ, ಬೆಳಿಗ್ಗೆ ಐದಕ್ಕೆ ಮಾವ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಬೆಂಕಿ ಮಾಡಿದ್ರೆ ರಾತ್ರಿ ತನಕ ಹಂಡೆ ತುಂಬ ಕುದಿಯೋ ನೀರು. ಆದ್ರೆ ನಮ್ಮ ಫ್ರಂಟ್ ಲೋಡಿಗೆ ಅದನ್ನ ಹಾಕೋಕೆ ದಾರಿನೇ ಇರ್ಲಿಲ್ಲ, ಅದು ಕರೆಂಟಲ್ಲೇ ಕಾಯಿಸ್ಕೊಬೇಕಿತ್ತು.

ಸೆಮಿ ಇಷ್ಟ ಆಗಿದ್ದು ಇಲ್ಲೇ. ಮುಚ್ಚಳ ಯಾವಾಗ ಬೇಕಾದ್ರೂ ತೆಗೀಬಹುದು. ಬಕೆಟ್ಟಲ್ಲಿ ನೀರು ಹುಯ್ಯಬಹುದು, ಪ್ರೆಷರ್ ಬೇಕಿಲ್ಲ. ಟಬ್ ಪ್ಲಾಸ್ಟಿಕ್ಕು, ಹಂಡೆಯಿಂದ ಕುದಿಯೋದನ್ನ ನೇರ ಹಾಕಬಾರದು, ಒಂದು ಬಕೆಟ್ ಬಿಸಿಗೆ ಒಂದು ಬಕೆಟ್ ತಣ್ಣೀರು ಬೆರೆಸಿ ಹಾಕ್ತೀನಿ. ಒಗೆಯೋಕೆ ಹದಿನೈದು ನಿಮಿಷ, ಕರೆಂಟ್ ಹೋದ್ರೆ ಕೈಯಲ್ಲಿ ತೆಗೆದು ಜಾಲಾಡಿ ಇಟ್ಕೊಳ್ಳೋದು, ಬಂದ ಕೂಡ್ಲೇ ಡ್ರೈಯರಿಗೆ, ಅಂದ್ರೆ ಪಕ್ಕದಲ್ಲೇ ಇರೋ ಸುತ್ತಿ ನೀರು ಹಿಂಡೋ ಟಬ್ಬಿಗೆ, ಹಾಕೋದು. ಆ ಡ್ರೈಯರ್ ಐದು ನಿಮಿಷ ಸುತ್ತಿದ್ರೆ ಕಾಟನ್ ಅಂಗಿ ಅಟ್ಟದಲ್ಲಿ ಒಂದು ರಾತ್ರೀಲಿ ಇಸ್ತ್ರಿ ಮಾಡೋ ಹದಕ್ಕೆ ಬರುತ್ತೆ. ಕಲ್ಲಲ್ಲಿ ಒಗೆದಿದ್ದನ್ನೂ ಹಿಂಡೋಕೆ ಮಾತ್ರ ಇದಕ್ಕೆ ಹಾಕಬಹುದು, ಅತ್ತೆ ಒಪ್ಪಿದ್ದೇ ಆ ಕಾರಣಕ್ಕೆ. ಈಗ ಅವರು ಕುಕ್ಕುತ್ತಾರೆ, ನಾನು ಡ್ರೈಯರಿಗೆ ಹಾಕ್ತೀನಿ, ಭುಜಕ್ಕೆ ಎಣ್ಣೆ ತಿಕ್ಕೋ ಕೆಲಸ ಕಮ್ಮಿಯಾಗಿದೆ. ದೇವರ ಕೋಣೆಗೆ ಉಡೋ ಮಡಿ ಬಟ್ಟೆ ಮಾತ್ರ ಇವತ್ತಿಗೂ ಅವರದೇ ಕೈ, ಅವರದೇ ಗಳ, ಅದಕ್ಕೆ ನಾನು ಕೈ ಹಾಕಲ್ಲ.

ಸೆಮಿಯಲ್ಲಿ ಕಷ್ಟ ಇಲ್ಲ ಅಂತಲ್ಲ. ಹತ್ರನೇ ನಿಂತಿರಬೇಕು, ಒದ್ದೆ ಬಟ್ಟೆ ಆ ಕಡೆಯಿಂದ ಈ ಕಡೆ ಎತ್ತಿ ಹಾಕಬೇಕು, ನೀರು ಜಾಸ್ತಿ ಹಿಡಿಯುತ್ತೆ. ಡ್ರೈಯರಲ್ಲಿ ಬಟ್ಟೆ ಒಂದೇ ಕಡೆ ಗುಡ್ಡೆ ಬಿದ್ರೆ ಗಡಗಡ ಕುಣಿಯುತ್ತೆ, ಬಿಡಿಸಿ ಸಮ ಮಾಡಿ ಹಾಕಬೇಕು.

ಇನ್ನು ಯಾರ ಬಟ್ಟೆ ಯಾರ ಜೊತೆ ಅನ್ನೋ ಜಗಳ. ಇದ್ರಲ್ಲಿ ಅತ್ತೆ ಹೇಳ್ತಿದ್ದಿದ್ದೇ ಸರಿ, ನನಗೆ ಅರ್ಥ ಆಗೋಕೆ ತಡ ಆಯ್ತು. ಹೋದ ವರ್ಷ ಇವ್ರಿಗೆ ತೊಡೆ ಸಂದೀಲಿ ಹುಳುಕಡ್ಡಿ ಆಯ್ತು, ಮೆಡಿಕಲ್ಲಲ್ಲಿ ಕೇಳಿ ಯಾವುದೋ ಟ್ಯೂಬ್ ತಂದು ಹಚ್ಕೊಂಡ್ರು, ಹದಿನೈದು ದಿನ ಕಮ್ಮಿಯಾಗಿ ಆಮೇಲೆ ದುಪ್ಪಟ್ಟಾಯ್ತು, ಅಷ್ಟರಲ್ಲಿ ನನಗೂ ಬಂತು. ಶಿವಮೊಗ್ಗದಲ್ಲಿ ಚರ್ಮದ ಡಾಕ್ಟ್ರು ಆ ಟ್ಯೂಬ್ ನೋಡಿ ಮೊದಲು ಬಿಸಾಕಿ ಅಂದ್ರು, ಅದ್ರಲ್ಲಿ ಸ್ಟೀರಾಯ್ಡ್ ಇತ್ತು, ತುರಿಕೆ ಅಡಗಿಸಿ ಫಂಗಸ್ಸನ್ನ ಒಳಗೇ ಬೆಳೆಸುತ್ತೆ. ಔಷಧಿ ಜೊತೆ ಅವರು ಹೇಳಿದ್ದು ಬಟ್ಟೆ ವಿಷಯನೇ: ಟವೆಲ್ ಒಬ್ಬರದ್ದು ಒಬ್ಬರು ಮುಟ್ಟಬೇಡಿ, ಒಳಉಡುಪು ಬೇರೆ ಒಗೀರಿ, 60 ಡಿಗ್ರಿ ಬಿಸಿ ನೀರಲ್ಲಿ ನೆನೆಸಿ, ಒಳಗು ಹೊರಗು ಮಾಡಿ ಒಣಗಿಸಿ, ಹೊಲಿಗೆ ಮೇಲೆ ಇಸ್ತ್ರಿ ಹಾಕಿ.

ಅವತ್ತಿಂದ ಬಚ್ಚಲಮನೇಲಿ ಮೂರು ಬಕೆಟ್. ನೀಲಿ ಬಕೆಟ್ಟು ಒಳಉಡುಪು, ಟವೆಲ್ಲಿಗೆ, ಅದಕ್ಕೆ ಕೈ ಇಡೋಕಾಗದಷ್ಟು ಬಿಸಿ ಹಂಡೆ ನೀರು ಹುಯ್ದು ಅರ್ಧ ಗಂಟೆ ಬಿಟ್ಟು ಆಮೇಲೆ ಮಷಿನ್ನಿಗೆ. ಹಸಿರು ಉಳಿದ ಬಟ್ಟೆಗೆ. ಕೆಂಪು ತೋಟದ ಬಟ್ಟೆಗೆ, ಅದು ಮಷಿನ್ ಹತ್ರಕ್ಕೂ ಬರಬಾರದು, ಹೊರಗಿನ ಕಲ್ಲೇ. ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ದಿನ ಅಂಗಿ ತುಂಬ ಮೈಲುತುತ್ತ, ಸುಣ್ಣ ಇರುತ್ತೆ. ಫ್ರಂಟ್ ಲೋಡ್ ಇದ್ದಾಗ ಇವ್ರು ಅದನ್ನೇ ಮಗಳ ಬಿಳಿ ಯೂನಿಫಾರಂ ಜೊತೆ ಹಾಕಿದ್ರು, ನಾನು ಎರಡು ದಿನ ಮಾತಾಡ್ಲಿಲ್ಲ. ಉಂಬಳ (ಜಿಗಣೆ) ಕಚ್ಚಿದ ರಕ್ತದ ಕಲೆ ಇದ್ರೆ ಮೊದಲು ತಣ್ಣೀರು, ಬಿಸಿ ಹಾಕಿದ್ರೆ ಕಲೆ ಅಲ್ಲೇ ಕೂತ್ಕೊಳ್ಳುತ್ತೆ.

ಟವೆಲ್ ವಿಷಯ: ದಪ್ಪ ಟರ್ಕಿ ಟವೆಲ್ ಮಳೆಗಾಲಕ್ಕೆ ಬೇಡ, ತೆಳು ಕಾಟನ್ನಿಂದು ಒಬ್ಬರಿಗೆ ಮೂರು ಇಡಿ, ರಾತ್ರಿ ಬೆಳಗಾಗೋದ್ರಲ್ಲಿ ಒಣಗುತ್ತೆ.

ಶಿವಮೊಗ್ಗ ಪೇಟೇಲಿ ಮನೆ ಇದ್ದು, ಕರೆಂಟ್ ಸರಿ ಇದ್ದು, ಟ್ಯಾಂಕ್ ಮೇಲಿದ್ದು, ಇಬ್ರೂ ಕೆಲಸಕ್ಕೆ ಹೋಗೋರಾದ್ರೆ ಫ್ರಂಟ್ ಲೋಡ್ ತಗೊಳ್ಳಿ, ನಾನು ಬೇಡ ಅನ್ನಲ್ಲ. ನಮ್ಮದನ್ನ ವಿನೋಬನಗರದಲ್ಲಿರೋ ನಾದಿನಿಗೆ 14 ಸಾವಿರಕ್ಕೆ ಕೊಟ್ವಿ, ಅವಳ ಹತ್ರ ಒಂದು ತಕರಾರಿಲ್ಲದೆ ಓಡ್ತಿದೆ. ಸೆಮಿಗೆ ಕೊಟ್ಟಿದ್ದು 12,500, ಅಂದ್ರೆ ಅದು ಮಾರಿದ ದುಡ್ಡಲ್ಲೇ ಇದು ಬಂತು, ಉಳಿದಿದ್ರಲ್ಲಿ ಅಟ್ಟಕ್ಕೆ ಒಂದು ಫ್ಯಾನ್ ಹಾಕಿಸ್ಕೊಂಡೆ. ಹತ್ತು ಕೆಜಿದೇ ತಗೊಳ್ಳಿ ಅಂತ ಅಂಗಡೀಲಿ ಹೇಳ್ತಾರೆ, ಐದು ಜನಕ್ಕೆ ಎಂಟು ಕೆಜಿ ಸಾಕು.

ಹುಳುಕಡ್ಡಿ ಇಬ್ಬರಿಗೂ ಮತ್ತೆ ಬಂದಿಲ್ಲ. ಇವ್ರು ಮಾತ್ರ ಸ್ನಾನ ಮಾಡಿದ ಟವೆಲ್ ಇವತ್ತಿಗೂ ಒಮ್ಮೊಮ್ಮೆ ಮಂಚದ ಮೇಲೆ ಎಸೆದು ಹೋಗ್ತಾರೆ. ಈಗ ಅದನ್ನ ನಾನು ಹೇಳೋಕೆ ಮುಂಚೆ ಮಗಳೇ ತಗೊಂಡು ಹೋಗಿ ನೀಲಿ ಬಕೆಟ್ಟಿಗೆ ಹಾಕ್ತಾಳೆ.