ಹಳದಿ ಅಂಗಿಯ ಚಿತ್ರವಿರುವ ಸೈಕಲ್ ಅಂಗಡಿ

ವಿಜಯಪುರದಲ್ಲಿ ಗೋಳಗುಮ್ಮಟದಿಂದ ಗಾಂಧಿ ಚೌಕದ ಕಡೆಗೆ ಬರುವಾಗ ಸಿಗುವ ಓಣಿಯೊಂದರಲ್ಲಿ, ಫಲಕವೂ ಇಲ್ಲದ ಒಂದು ಸೈಕಲ್ ದುರಸ್ತಿ ಅಂಗಡಿ ಇದೆ. ರೇಸ್ ಸೈಕಲ್ ತುಳಿಯುವ ಮಗಳಿಗಾಗಿ ಆರು ವರ್ಷಗಳಿಂದ ಅಲ್ಲಿಗೆ ಹೋಗುತ್ತಿದ್ದೇನೆ. ಮೇಸ್ತ್ರಿಯವರು ಓರೆಯಾದ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ನಾದ ಕೇಳಿ ಬಿಗಿ ಮಾಡುತ್ತಾರೆ; ಸರಪಳಿಯನ್ನು ಅಳೆದು ನೋಡಿ, ಸವೆದಿಲ್ಲದಿದ್ದರೆ ಬದಲಿಸಲು ಒಪ್ಪುವುದಿಲ್ಲ. ಬೆಲೆಬಾಳುವ ಬಿಡಿಭಾಗಗಳು ಪುಣೆಯಿಂದ ಬರಬೇಕಾದ್ದರಿಂದ ಕೆಲವೊಮ್ಮೆ ಹತ್ತು ದಿನ ಕಾಯಬೇಕಾಗುತ್ತದೆ. ಸ್ಪರ್ಧೆ ಹತ್ತಿರವಿದ್ದರೆ ಮೊದಲೇ ಹೇಳಿಡುವುದು ಒಳಿತು.

ಆದರೆ ಈ ಅಂಗಡಿಯ ಬಗ್ಗೆ ಬರೆಯಲೇಬೇಕೆನ್ನಿಸಿದ್ದು ಅದರ ಗೋಡೆಯಿಂದಾಗಿ. ಅಲ್ಲಿ ಹಳದಿ ಅಂಗಿ ತೊಟ್ಟ ಅಮೆರಿಕದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ದೊಡ್ಡ ಚಿತ್ರವಿದೆ. 1996ರಲ್ಲಿ ಕ್ಯಾನ್ಸರ್‌ಗೆ ತುತ್ತಾಗಿ, ಗುಣವಾಗಿ ಬಂದು, 1999ರಿಂದ 2005ರವರೆಗೆ ಸತತ ಏಳು ಸಲ, ಮುನ್ನಡೆಯಲ್ಲಿರುವವರು ಹಳದಿ ಅಂಗಿ ತೊಡುವ ಫ್ರಾನ್ಸ್‌ನ ಸೈಕಲ್ ಸ್ಪರ್ಧೆ ಟೂರ್ ಡಿ ಫ್ರಾನ್ಸ್ ಗೆದ್ದರೆಂದು ನಾವೆಲ್ಲ ಕೊಂಡಾಡಿದ ವ್ಯಕ್ತಿ ಅವರು. ಅವರ ಕ್ಯಾನ್ಸರ್ ನೆರವು ಸಂಸ್ಥೆಗಾಗಿ 2004ರಲ್ಲಿ ಬಂದ ಹಳದಿ ರಬ್ಬರ್ ಪಟ್ಟಿಯನ್ನು ನಾನೂ ಭಕ್ತಿಯಿಂದಲೇ ಕೈಗೆ ಹಾಕಿಕೊಂಡಿದ್ದೆ. ಆ ಗೆಲುವುಗಳೆಲ್ಲ ಉದ್ದೀಪನ ಮದ್ದಿನ ಬಲದವು ಎಂದು ಆಮೇಲೆ ತಿಳಿದಿತ್ತು. ಆದ್ದರಿಂದ ಮೊದಲ ದಿನ ಆ ಚಿತ್ರ ಕಂಡಾಗ, ಇದನ್ನು ಇನ್ನೂ ಏಕೆ ಇಟ್ಟಿದ್ದೀರಿ ಎಂದು ಸ್ವಲ್ಪ ಗಡಸಾಗಿಯೇ ಕೇಳಿದೆ. ಅವರು ಚಿತ್ರದ ಕೆಳಗೆ ತಾವೇ ಬರೆದು ಅಂಟಿಸಿದ ಹಾಳೆಯನ್ನು ತೋರಿಸಿದರು. ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯು 2012ರ ಆಗಸ್ಟ್‌ನಲ್ಲಿ ಆಜೀವ ನಿಷೇಧ ಹೇರಿದ್ದು, ಅಕ್ಟೋಬರ್ 17ರಂದು ನೈಕಿ ಒಪ್ಪಂದ ಕಡಿದುಕೊಂಡದ್ದು, 22ರಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಏಳೂ ಪ್ರಶಸ್ತಿಗಳನ್ನು ಕಿತ್ತುಕೊಂಡದ್ದು, 2013ರ ಜನವರಿಯಲ್ಲಿ ಅವರು ಟಿ.ವಿ.ಯಲ್ಲಿ ತಪ್ಪೊಪ್ಪಿಕೊಂಡದ್ದು, ಎಲ್ಲವೂ ಅದರಲ್ಲಿ ದಿನಾಂಕ ಸಹಿತ ಇದ್ದವು. ಟ್ಯೂಬ್ ಕೊಳ್ಳಲು ಬರುವ ಹುಡುಗರು ಚಿತ್ರ ನೋಡಿದ ಮೇಲೆ ಹಾಳೆಯನ್ನೂ ಓದುತ್ತಾರೆ, ಹರಿದು ಹಾಕಿದರೆ ಓದುವುದು ಏನನ್ನು ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆದರೂ ಆ ಹಾಳೆಯಲ್ಲಿ ಒಂದು ಕೊರತೆಯಿತ್ತು. ಕೀರ್ತಿ 2012ರಲ್ಲಿ ಒಮ್ಮೆಲೇ ಕುಸಿಯಿತು ಎಂಬಂತೆ ಅದು ಓದಿಸಿಕೊಳ್ಳುತ್ತಿತ್ತು. 1999ರಲ್ಲೇ ನಿಷೇಧಿತ ಸ್ಟೆರಾಯ್ಡ್‌ನ ಅಂಶ ಪರೀಕ್ಷೆಯಲ್ಲಿ ಕಂಡಾಗ, ಅದು ಹುಣ್ಣಿನ ಮುಲಾಮಿನದೆಂದು ಹಿಂದಿನ ತಾರೀಖು ಹಾಕಿದ ವೈದ್ಯರ ಚೀಟಿ ಸೃಷ್ಟಿಸಲಾಯಿತು. ಆಟಗಾರರ ಮೈ ನೀವುವ ಕೆಲಸಕ್ಕೆ ತಂಡದಲ್ಲಿದ್ದ ಎಮ್ಮಾ ಒ’ರೈಲಿ ಅವರು 2004ರಲ್ಲಿ ಇದನ್ನು ಬಹಿರಂಗಪಡಿಸಿ, ಮೊಕದ್ದಮೆಯನ್ನೂ ನಿಂದೆಯನ್ನೂ ವರ್ಷಗಟ್ಟಲೆ ಅನುಭವಿಸಿದರು. ನಿಜ ಹೇಳಿದವರ ಹೆಸರೂ ಅಲ್ಲಿರಬೇಕೆಂದು ನಾನು ಹೇಳಿದಾಗ ಮೇಸ್ತ್ರಿಯವರು ಪೆನ್ನನ್ನು ನನ್ನ ಮಗಳ ಕೈಗೆ ಕೊಟ್ಟರು. ಈಗ ಒ’ರೈಲಿಯವರ ಹೆಸರು ಹಾಳೆಯ ಮೊದಲ ಸಾಲಿನಲ್ಲಿ ಅವಳ ಅಕ್ಷರದಲ್ಲಿದೆ.

ತಾಕತ್ತಿನ ಪುಡಿಯ ಡಬ್ಬಿಗಳನ್ನು ಇಟ್ಟುಕೊಳ್ಳಿ, ಒಳ್ಳೆಯ ಲಾಭವಿದೆ ಎಂದು ಬರುವ ಮಾರಾಟಗಾರರನ್ನು ಅವರು ಬಾಗಿಲಲ್ಲೇ ಹಿಂದಕ್ಕೆ ಕಳುಹಿಸುವುದನ್ನು ನಾನು ಎರಡು ಸಲ ಕಂಡಿದ್ದೇನೆ. ಅಭ್ಯಾಸಕ್ಕೆ ಹೊರಡುವ ಮಕ್ಕಳಿಗಾಗಿ ಅಂಗಡಿ ಬೆಳಿಗ್ಗೆ ಐದೂವರೆಗೇ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಗಾಳಿ ತುಂಬಲು ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ.